ಮೆಣಸಿನಕಾಯಿ ಕೋಣೆಯ ಓದು

ಬ್ಯಾಡಗಿ

ಗೋದೂಬಾಯಿಯವರಿಗೆ, ನಿಮ್ಮ ಬಾಡಿಗೆ ಕೋಣೆಯ ಶ್ರದ್ಧಾಳ ನಮಸ್ಕಾರ.

ನೀವು ಹಾವೇರಿಗೆ ಮಗಳ ಮನೆಗೆ ಹೋದ ಮೇಲೆ ನನ್ನ ಓದು ಚೆನ್ನಾಗಿ ಸಾಗಿದೆ. ಡಿಪ್ಲೊಮಾ ಪರೀಕ್ಷೆಗೆ ಸರ್ಕ್ಯೂಟ್ ಪಾಠಗಳನ್ನು ಗಟ್ಟಿಯಾಗಿ ಓದುತ್ತೇನೆ. ತಪ್ಪಿದರೆ ಪಕ್ಕದ ಮೆಣಸಿನಕಾಯಿ ಕೋಣೆಯಿಂದ ಒಂದು ಹೆಣ್ಣುದನಿ, "ಹಂಗಲ್ಲವ್ವಾ, ಇನ್ನೊಮ್ಮೆ ಓದು" ಎನ್ನುತ್ತದೆ. ನೀವು ಕೊಟ್ಟ ಕೀಲಿಕೈಯಿಂದ ಬಾಗಿಲು ತೆಗೆದೆ. ಘಾಟಿಗೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಒಳಗೆ ಚೀಲಗಳಷ್ಟೇ ಇದ್ದವು. ಅವುಗಳ ಹಿಂದಿನಿಂದ ಆ ದನಿ ಒಂದು ಸಲವೂ ಕೆಮ್ಮದೆ ಪಾಠ ಮುಂದುವರಿಸಿತು.

ಅದಕ್ಕೇ ಒಂದು ವಿನಂತಿ. ಪರೀಕ್ಷೆ ಮುಗಿಯುವವರೆಗೆ ಆ ಚೀಲಗಳನ್ನು ಮಾರುಕಟ್ಟೆಗೆ ಕಳಿಸಬೇಡಿ. ನನ್ನ ಅವ್ವ ನಿಮಗೆ ಫೋನ್ ಮಾಡಿದರೆ ಶ್ರದ್ಧಾ ಆರಾಮಾಗಿದ್ದಾಳೆ ಎನ್ನಿ.

ಈಗ ಆ ಕೋಣೆಯಲ್ಲೇ ಬಾಗಿಲು ಹಾಕಿಕೊಂಡು ಓದುತ್ತೇನೆ. ನನಗೂ ಕೆಮ್ಮು ಬರುವುದಿಲ್ಲ.

ಇಂತಿ,
ಶ್ರದ್ಧಾ