ನೀವು ನಿಲ್ಲದ ಚುನಾವಣೆ

ಟೀಚರಮ್ಮನವರಿಗೆ,

ನಿಮಗೆ ಕಾಗದ ಬರೆಯುವ ದಿನ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನಾವಿಬ್ಬರೂ ಒಬ್ಬರ ವಿರುದ್ಧ ಒಬ್ಬರು ಕರಪತ್ರ ಹಂಚಿದವರೇ ಹೊರತು ಪತ್ರ ಬರೆದುಕೊಂಡವರಲ್ಲ.

ನನ್ನ ಗಂಡ ತೀರಿಕೊಂಡ ವರ್ಷವೇ ಪಕ್ಷದ ಹಿರಿಯರು ಮನೆಗೆ ಬಂದು, ಅವರ ಜಾಗಕ್ಕೆ ನೀನೇ ನಿಲ್ಲಬೇಕಮ್ಮ ಎಂದರು. ಹೇಳಿದಲ್ಲಿ ಸಹಿ ಹಾಕಿಕೊಂಡು ತೆಪ್ಪಗಿರುತ್ತಾಳೆ ಎಂಬ ಲೆಕ್ಕಾಚಾರ ಅವರದು. ನನ್ನದೂ ಹೆಚ್ಚುಕಡಿಮೆ ಅದೇ. ನೀವು ಶಾಲೆಯ ಕೆಲಸ ಬಿಟ್ಟು ಎದುರು ಪಕ್ಷದಿಂದ ನಿಂತಿದ್ದಿರಿ. ಮಾರುಕಟ್ಟೆ ಚೌಕದ ಸಭೆಯಲ್ಲಿ, ಮೈಕೇ ಬೇಡದ ಆ ಗಂಟಲಿನಲ್ಲಿ, “ಪಾಪ, ಆಯಮ್ಮನ ಕಷ್ಟ ನೋಡಿದ್ರೆ ನಂಗೂ ಅಳು ಬರುತ್ತೆ. ಆದ್ರೆ ಅಳೋದಕ್ಕೆ ವೋಟು ಯಾಕೆ ಬೇಕು?” ಎಂದಿರಿ. ಜನ ಬಿದ್ದು ಬಿದ್ದು ನಕ್ಕರಂತೆ. ಅದು ಕಿವಿಗೆ ಬಿದ್ದ ದಿನ ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಭಾಷಣ ಅಭ್ಯಾಸ ಮಾಡಿದೆ. ನಾನು ಮಾತು ಕಲಿತದ್ದು ನಿಮ್ಮ ಮೇಲಿನ ಸಿಟ್ಟಿನಿಂದ. ಕೂದಲೆಳೆಯ ಅಂತರದಲ್ಲಿ ಗೆದ್ದೆ.

ಆ ಮತ ಎಣಿಕೆಯ ದಿನ ನೆನಪಿದೆಯೇ? ಅಷ್ಟು ದೊಡ್ಡ ಕಟ್ಟಡದಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಇದ್ದ ಒಂದೇ ಶೌಚಾಲಯಕ್ಕೆ ಚಿಲಕವಿರಲಿಲ್ಲ. ಬೆಳಗಿನಿಂದ ತಡೆದುಕೊಂಡು, ಕಡೆಗೆ ನೀವೇ ಎದ್ದು ಬಂದು, “ಸ್ವಲ್ಪ ಬಾಗಿಲು ಹಿಡ್ಕೊಳ್ತೀರಾ?” ಎಂದಿರಿ. ನಾನು ಹಿಡಿದೆ, ಆಮೇಲೆ ನೀವು ಹಿಡಿದಿರಿ. ಒಳಗಿಂದ ನಾನು, “ಓಡಿ ಹೋಗ್ಬಿಡ್ಬೇಡಿ” ಎಂದರೆ, “ಎಲ್ಲಿಗೆ ಹೋಗ್ಲಿ? ನೀವು ಸೋಲೋದನ್ನ ನೋಡ್ಕೊಂಡೇ ಹೋಗೋದು” ಎಂದು ಹೊರಗಿಂದ ನಕ್ಕಿರಿ. ಸದನದಲ್ಲಿ ನಾನು ಮೊದಲು ಬಾಯಿ ಬಿಟ್ಟಿದ್ದೇ ಆ ಚಿಲಕಕ್ಕಾಗಿ. ಗಂಡಸರು ಮೇಜು ಕುಟ್ಟಿ ನಕ್ಕರು. ಆದರೂ ಮುಂದಿನ ಸಲ ಚಿಲಕ ಬಂತು, ಜೊತೆಗೆ ಹೆಂಗಸರಿಗೆಂದೇ ಒಂದು ಕೋಣೆ.

ಮೂರನೆಯ ಸಲ ನೀವು ಗೆದ್ದಿರಿ. ನನ್ನ ಮನೆಯ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಇರುತ್ತಿದ್ದ ಚಪ್ಪಲಿಗಳು ಒಂದೇ ಸಂಜೆಗೆ ಮಾಯವಾದವು. ಮಗಳು ನನ್ನ ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದಳು; ನನ್ನ ಮುಖವನ್ನು ಅವಳು ಹೆಚ್ಚಾಗಿ ನೋಡಿದ್ದು ಗೋಡೆಯ ಪೋಸ್ಟರುಗಳಲ್ಲಿ. ಆ ವಾರ ಬಂದದ್ದು ನಿಮ್ಮದೊಂದೇ ಫೋನು. “ಮೇಡಂ, ಕೆಳಗಿನ ಬೀದಿ ಚರಂಡಿ ಕೆಲ್ಸ ಎಲ್ಲಿಗೆ ನಿಂತಿದೆ? ಒಬ್ರೂ ಸರಿಯಾಗಿ ಹೇಳ್ತಿಲ್ಲ.” ತುಂಬ ಹೊತ್ತು ಮಾತಾಡಿದೆವು. ಚರಂಡಿಯ ಬಗ್ಗೆ ಅಷ್ಟು ಖುಷಿಯಿಂದ ನಾನು ಯಾವತ್ತೂ ಮಾತಾಡಿರಲಿಲ್ಲ.

ಆಮೇಲಿನ ಎರಡು ಚುನಾವಣೆಗಳಲ್ಲಿ ನಾನು ನಿಮ್ಮನ್ನು ಸೋಲಿಸಿದೆ. ಈ ಸಲ ನಾಮಪತ್ರದ ಕೊನೆಯ ದಿನ ನಿಮ್ಮ ಬದಲು ಯಾರೋ ಎಳೆಯ ಗುತ್ತಿಗೆದಾರ ಬಂದ. “ಟೀಚರಮ್ಮ ಒಳಗೊಳಗೇ ನಮ್ ಕಡೆ ಆಗಿದ್ದಾರೆ” ಎಂದು ನಮ್ಮ ಹುಡುಗರು ಬೀಗಿದರು. ನಿಮ್ಮಲ್ಲಿಗೆ ಬಂದು ಕೇಳೋಣವೆನಿಸಿತು. ಬಂದರೆ ಆ ಗುಲ್ಲಿಗೆ ರೆಕ್ಕೆಪುಕ್ಕ ಬರುತ್ತದೆಂದು ಸುಮ್ಮನಾದೆ. ಹಿಂದೆಂದೂ ಕಾಣದ ಅಂತರದಲ್ಲಿ ಗೆದ್ದೆ. ಎಣಿಕೆ ಮುಗಿಯುವವರೆಗೆ ಹೆಂಗಸರ ಕೋಣೆಯಲ್ಲಿ ಒಬ್ಬಳೇ ಕೂತಿದ್ದೆ. ಹೊರಗೆ ಜೈಕಾರ. ಇದನ್ನು ಯಾರ ಹತ್ತಿರ ಹೇಳಲಿ? ಗೆದ್ದವಳು ಒಂಟಿ ಅನಿಸುತ್ತಿದೆ ಎಂದರೆ ಯಾರು ನಂಬುತ್ತಾರೆ?

ಮೊನ್ನೆ ಅಭಿನಂದನಾ ಸಭೆಯಲ್ಲಿ, ಊರಿಗೆ ಹೊಸ ಹೆರಿಗೆ ಆಸ್ಪತ್ರೆ ಆರು ತಿಂಗಳಲ್ಲಿ ಬಾಗಿಲು ತೆರೆಯುತ್ತದೆ ಎಂದುಬಿಟ್ಟೆ. ಸುಳ್ಳೆಂದು ಗೊತ್ತಿದ್ದೂ ಹೇಳಿದೆ. ಬೇಡ ಎನ್ನುವವರು ಯಾರೂ ಇರಲಿಲ್ಲವಲ್ಲ. ಚಪ್ಪಾಳೆಯೋ ಚಪ್ಪಾಳೆ. ಆಗ ಹಿಂದಿನ ಸಾಲಿನಲ್ಲಿ ನೀವು ಎದ್ದು ನಿಂತಿರಿ. ಕುತ್ತಿಗೆಗೆ ಬಿಳಿ ಪಟ್ಟಿ. ಬಾಯಿ ತೆರೆದಿರಿ, ದನಿ ಹೊರಡಲಿಲ್ಲ. ಪಕ್ಕದಲ್ಲಿದ್ದ ನಿಮ್ಮ ಸೊಸೆ, “ಗಂಟಲು ಆಪರೇಷನ್ ಆಗಿದೆ, ಅವರಿಗೆ ಮಾತು ಬರಲ್ಲ… ಅತ್ತೆ, ಕೂತ್ಕೊಳ್ಳಿ” ಎಂದಳು. ನೀವು ಕೂರಲಿಲ್ಲ. ನನ್ನನ್ನೇ ನೋಡುತ್ತ, ತಪ್ಪು ಉತ್ತರ ಹೇಳಿದ ಮಗುವಿಗೆ ಮಾಡುವ ಹಾಗೆ ಬೆರಳು ಅಲ್ಲಾಡಿಸಿದಿರಿ. “ಯಾರದು, ಕೂರಿಸ್ರೋ!” ಎಂದು ಅರಚಿದ ನಮ್ಮ ಕಾರ್ಯಕರ್ತನನ್ನು ಗದರಿ, ಮೈಕಿನಲ್ಲಿ ಹೇಳಿದೆ: “ಆರು ತಿಂಗಳಲ್ಲಿ ಆಗಲ್ಲ. ಇನ್ನೂ ಜಾಗವೇ ಸಿಕ್ಕಿಲ್ಲ. ಸಿಕ್ಕ ದಿನ ಬಂದು ಹೇಳ್ತೀನಿ.”

ಒಂದು ಚಪ್ಪಾಳೆಯೂ ಬೀಳಲಿಲ್ಲ. ನೀವು ಮಾತ್ರ ನೆಮ್ಮದಿಯಾಗಿ ಕೂತುಕೊಂಡಿರಿ.

ಮುತ್ತಿಕೊಂಡವರನ್ನು ಬಿಡಿಸಿಕೊಂಡು ಇಳಿದು ಬರುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಹಾಡಹಗಲೇ ಬರುತ್ತೇನೆ, ಕಾರು ನಿಮ್ಮ ಬಾಗಿಲಿಗೇ ನಿಲ್ಲಿಸುತ್ತೇನೆ, ನೋಡುವವರು ನೋಡಲಿ. ನಿಮ್ಮನ್ನು ಮಾತಾಡಿಸಿ ದಣಿಸುವುದಿಲ್ಲ. ಸೊಸೆಗೆ ಹೇಳಿ, ಎರಡು ಕುರ್ಚಿ ಎದುರುಬದುರು ಹಾಕಿದರೆ ಸಾಕು.

ಗಾಯ ಬೇಗ ಮಾಯಲಿ. ನನಗಿಂತ ಒಂದು ದಿನವಾದರೂ ಹೆಚ್ಚು ಬಾಳಿ, ಟೀಚರಮ್ಮ.

ಇತಿ,
ನಿಮ್ಮ ಕ್ಷೇತ್ರದ ಶಾಸಕಿ