ಉಂಗುರ ಸವೆಸಿದ ಜಾಗ

ಲೊರಿಸ್,

ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ಬೆರ್ಗೊಂಜಿನಿ ಎಂಬ ವಕೀಲರು ಬೊಲೋನ್ಯಾದಿಂದ ಹಳೆಯ ರೇಸ್ ಕಾರಿನ ಸ್ಟೀರಿಂಗ್ ಚಕ್ರವೊಂದನ್ನು ರಿಪೇರಿಗೆಂದು ನನ್ನ ಅಂಗಡಿಗೆ ತಂದಿದ್ದರು. ಬಟ್ಟೆ ಬಿಚ್ಚಿದ ಕೂಡಲೇ ನನಗೆ ಗುರುತು ಸಿಕ್ಕಿತು. ಬೆಟ್ಟದ ರೇಸಿನಲ್ಲಿ ನಿನ್ನನ್ನು ಹೊತ್ತುಕೊಂಡೇ ಕಣಿವೆಗೆ ಉರುಳಿದ ಕಾರಿನದು ಅದು. ಮರದ ಅಂಚಿನ ಎಡಗಡೆ, ನಾನು ತೊಡಿಸಿದ ನಿನ್ನ ಮದುವೆಯುಂಗುರ ಉಜ್ಜಿ ಉಜ್ಜಿ ಬಿದ್ದ ಸಣ್ಣ ತಗ್ಗು ಹಾಗೇ ಇತ್ತು.

"ಇದೊಂದು ಅಸಹ್ಯವಾಗಿ ಕಾಣುತ್ತೆ ಸಿನ್ಯೋರಾ. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡ್ಕೊಡಿ," ಎಂದು ವಕೀಲರು ಆ ತಗ್ಗನ್ನೇ ತೋರಿಸಿದರು.

"ಇದನ್ನ ನನಗೇ ಬಿಟ್ಟುಬಿಡಿ ವಕೀಲರೇ. ಥೇಟ್ ಇಂಥದ್ದೇ ಹೊಸದು ಮಾಡ್ಕೊಡ್ತೀನಿ."

ಅವರು ನಕ್ಕರು. "ಹೊಸದು ತಗೊಂಡು ಏನ್ ಮಾಡ್ಲಿ? ಅಸಲಿಗೋಸ್ಕರ ತಾನೇ ನಾನು ಊರೂರು ಅಲೆದಿದ್ದು?"

ಯಾಕೆ ಬೇಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರು ಹೋದ ಮೇಲೆ ಆ ತಗ್ಗಿನಲ್ಲಿ ಬೆರಳಿಟ್ಟು ಬಹಳ ಹೊತ್ತು ಕೂತಿದ್ದೆ. ಒಲ್ಲೆನೆಂದರೆ ಅವರು ಬೇರೆ ಯಾರಿಗಾದರೂ ಕೊಡುತ್ತಿದ್ದರು. ಬೇರೆಯವರ ಕೈಯಲ್ಲಿ ಅದು ಅಳಿಯುವುದು ಬೇಡವೆನಿಸಿತು. ಮರಳುಕಾಗದ ತೆಗೆದುಕೊಂಡು ನಾನೇ ಉಜ್ಜಿದೆ.

ಕೆಲಸ ತುಂಬಾ ಚೆನ್ನಾಗಿ ಬಂದಿದೆ, ಲೊರಿಸ್. ಅಲ್ಲಿ ಎಂದೂ ಯಾರ ಕೈಯೂ ಇರಲಿಲ್ಲ ಅನ್ನುವಷ್ಟು.