ಪಾಸ್ಟರ್ ಓಬದ್ಯ ಇಸವಿ ಬರೆಯಲಿಲ್ಲ

ಜುಲೈ ೧, ಸೋಮವಾರ. ಬೆಳಗ್ಗೆ ೭

ಇವತ್ತಿನ ‘ಶುಭನುಡಿ’ ಆರು ಗಂಟೆ ಐದು ನಿಮಿಷಕ್ಕೆ ವಾಟ್ಸಾಪ್ ಗ್ರೂಪುಗಳಿಗೆ ಹೋಯಿತು. ಏಳರೊಳಗೆ ಅರವತ್ಮೂರು ಕೈಮುಗಿತ, ಹನ್ನೊಂದು ಹೂವು, ನಿವೃತ್ತ ನೌಕರರ ಗ್ರೂಪಿನಿಂದ ಒಂದು ‘ಅದ್ಭುತ ಸರ್’. ಸೋಮವಾರಕ್ಕೆ ಕಡಿಮೆಯೇನಲ್ಲ. ಸಿಮೆಂಟ್ ಅಂಗಡಿ ಓಬಳೇಶ್ ಫೋನ್ ಮಾಡಿದ.

“ಲೇ ಸಂಗಮೇಶ, ಇಂಥಾ ಮಾತು ಎಲ್ಲಿಂದ ಹುಟ್ತಾವಲೇ ನಿನಗೆ? ನಾನೂ ಅದೇ ನೀರು ಕುಡೀತೀನಿ, ನನಗೆ ಬರೀ ಗ್ಯಾಸ್ ಆಗ್ತೈತೆ.”

ತಾವೇ ಬರ್ತಾವೆ ಬಿಡಲೇ, ಅಂದೆ.

ಎಸ್ಸೆಸ್ಸೆಲ್ಸಿ ಫೇಲು. ಇನ್ನೊಬ್ಬರ ಪ್ರೆಸ್ಸಿನಲ್ಲಿ ಹದಿನಾಲ್ಕು ವರ್ಷ ಅಚ್ಚುಮೊಳೆ ಜೋಡಿಸಿದೆ. ಈಗ ಚಳ್ಳಕೆರೆಯಲ್ಲಿ ಸ್ವಂತ ಪ್ರೆಸ್ಸು. ಶಿವಗಣಾರಾಧನೆಯಿಂದ ಅಂಗಡಿ ಓಪನಿಂಗ್ ತನಕ ಮೈಕ್ ಮೊದಲು ನನ್ನ ಕೈಗೇ ಬರುತ್ತದೆ. ಹೋದ ವರ್ಷ ಇಪ್ಪತ್ತೇಳು ಭಾಷಣ, ಹತ್ತೊಂಬತ್ತು ಶಾಲು. ಇಡಲು ಬೀರುವಿನಲ್ಲಿ ಜಾಗವಿಲ್ಲ ಎಂದು ಹೆಂಡತಿ ಮಂಗಳಗೌರಿಯ ಗೊಣಗಾಟ.

ಅದೇ ದಿನ, ಮಧ್ಯಾಹ್ನ

ಕಮಲಾಕ್ಷಮ್ಮ ಬಂದಿದ್ದರು. ಮೊಳಕಾಲ್ಮುರಿನ ಪ್ರೆಸ್ಬಿಟೇರಿಯನ್ ಸಭೆಯ ಪಾಸ್ಟರ್ ಓಬದ್ಯರ ಹೆಂಡತಿ. ಪಾಸ್ಟರು ಹೋದ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಬಸ್ಸಿನಲ್ಲಿ ನಿಂತೇ ಬಂದಿರಬೇಕು, ಕೈಚೀಲ ಹಿಡಿದು ಹಿಡಿದು ಬೆರಳಿಗೆ ಗೆರೆ ಬಿದ್ದಿತ್ತು. ಚೀಲದಲ್ಲಿ ಹನ್ನೊಂದು ಉದ್ದ ನೋಟ್‌ಬುಕ್ಕು.

“ವರ್ಷದ ಪ್ರಾರ್ಥನೆಗೆ ಪುಸ್ತಕ ಆಗ್ಬೇಕು ಸಂಗಮೇಶಣ್ಣ. ದಿನಕ್ಕೊಂದು ಧ್ಯಾನ. ಟೈಪ್ ಆಗಿರೋದು ನಿಮ್ಮತ್ರಾನೇ ಐತಂತಲ್ಲ?”

ಐತೆ. ಅದೇ ಗ್ರಹಚಾರ.

“ಮಾಡೋಣ ಅಮ್ಮ, ಅದಕ್ಕೇನು” ಅಂದೆ. ತಲೆಗಿಂತ ಬಾಯಿ ಮುಂದೆ ಓಡುತ್ತದೆ ನನಗೆ.

ಇಲ್ಲಿ ಓದುವವರಿಲ್ಲ, ಬರೆದುಬಿಡುತ್ತೇನೆ. ಎಂಟು ವರ್ಷ, ಪ್ರತಿ ತಿಂಗಳ ಕೊನೆಯ ಶನಿವಾರ ಪಾಸ್ಟರು ಧ್ಯಾನಗಳನ್ನು ಹಾಳೆಗೆ ನಕಲು ಮಾಡಿ ತಂದು ನಮ್ಮ ಪ್ರೆಸ್ಸಿನ ಜ್ಯೋತಿಲಕ್ಷ್ಮಿಯಿಂದ ಟೈಪ್ ಮಾಡಿಸುತ್ತಿದ್ದರು. ಸಭೆಯಲ್ಲಿ ಯಾರಿಗೂ ತೋರಿಸಿರಲಿಲ್ಲ. ಮುನ್ನೂರ ಅರವತ್ತೈದು ತುಂಬಲಿ, ಆಮೇಲೆ ಪುಸ್ತಕ ಎನ್ನುವರು. ಲಾಕ್‌ಡೌನ್ ಬಂತು. ವರ್ತಕರ ಗ್ರೂಪಿನಲ್ಲಿ ಸಾವಿನ ಸುದ್ದಿ ಬಿಟ್ಟರೆ ಬೇರೇನಿಲ್ಲ. ಅವರದೊಂದು ಸಾಲು ಎತ್ತಿ ಹಾಕಿದೆ. ಹೆಸರು ಹಾಕಲಿಲ್ಲ — ಪಾಸ್ಟರ್ ಎಂದು ಕಂಡರೆ ನಾಲ್ಕು ಜನ ಮುಖ ತಿರುಗಿಸುವರು ಎಂಬ ಲೆಕ್ಕ. ಎಲ್ಲರೂ ನನ್ನದೆಂದುಕೊಂಡರು. ಅಲ್ಲ ಅನ್ನಲಿಲ್ಲ. ಮರುದಿನ ಇನ್ನೊಂದು. ‘ಕರ್ತನು’ ಇದ್ದಲ್ಲಿ ‘ಭಗವಂತ’, ‘ಸಭೆ’ ಇದ್ದಲ್ಲಿ ‘ಸಮಾಜ’. ಬೈಬಲ್ಲಿನ ವಾಕ್ಯದ ನಂಬರು ಡಿಲೀಟ್. ಕೆಳಗೆ ನನ್ನ ಹೆಸರು, ಕೋಟು ಹಾಕಿದ ಫೋಟೋ.

ನಾಲ್ಕು ವರ್ಷ ಆಯಿತು.

ಜುಲೈ ೪, ಗುರುವಾರ

ಮೂರು ದಿನದಿಂದ ನೋಟ್‌ಬುಕ್ಕು ಓದುತ್ತಿದ್ದೇನೆ. ಟೈಪಾದದ್ದು ಮೇಲಿನ ಧ್ಯಾನ ಮಾತ್ರ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆ ದಿನ ಏನಾಯಿತೆಂದು ಬರೆದುಕೊಂಡಿದ್ದಾರೆ. ಅದನ್ನು ನಾನು ನೋಡಿಯೇ ಇರಲಿಲ್ಲ.

ಪರಶುರಾಂಪುರದ ಕಡೆಯ ಕುರಿಗಾರರ ಮನೆ ಪಾಸ್ಟರದು. ಹದಿನಾರಕ್ಕೆ ಮಂದೆ ಬಿಟ್ಟು ದೇವರ ಓದಿಗೆ ಹೋದವರು. ಮೊಳಕಾಲ್ಮುರಿನಲ್ಲಿ ಇಪ್ಪತ್ತೊಂಬತ್ತು ವರ್ಷ, ಮೂವತ್ತೆಂಟು ಮನೆಯ ಸಭೆ. ‘ರಾಂಪುರಕ್ಕೆ ಹೋಗಿ ಬಂದೆ. ಮೊಪೆಡ್ ಪಂಚರ್, ಆರು ಕಿಲೋಮೀಟರ್ ತಳ್ಳಿದೆ. ಪ್ರಾರ್ಥನೆಗಿಂತ ಬೈಗುಳವೇ ಹೆಚ್ಚು ಬಂತು.’ ಓದಿ ನಕ್ಕೆ. ಆಮೇಲೆ ನಗು ಬರಲಿಲ್ಲ.

ಎಲ್ಲ ಪುಟಕ್ಕೂ ತಾರೀಖು, ತಿಂಗಳು ಇದೆ. ಇಸವಿ ಮಾತ್ರ ಇಲ್ಲ. ಒಮ್ಮೆ ನಾನೇ ಕೇಳಿದ್ದೆ. “ದಿನದ ಧ್ಯಾನಕ್ಕೆ ಇಸವಿ ಯಾಕಪ್ಪಾ? ಮಾರ್ಚ್ ಹದಿನಾಲ್ಕು ಪ್ರತಿ ವರ್ಷ ಬರ್ತೈತೆ” ಅಂದಿದ್ದರು. ವ್ಯವಹಾರ ಗೊತ್ತಿಲ್ಲದ ಮನುಷ್ಯ ಎಂದುಕೊಂಡಿದ್ದೆ. ಯಾವುದು ಯಾವ ವರ್ಷ ಬರೆದದ್ದೆಂದು ಪುಟ ನೋಡಿ ತಿಳಿಯುವುದಿಲ್ಲ; ನನಗೆ ಅನುಕೂಲವೇ ಆಯಿತು.

ಜುಲೈ ೧೦, ಬುಧವಾರ

‘ಬೇಸಿಗೆಯಲ್ಲಿ ಬಾವಿಯ ತಳ ಕಂಡಾಗಲೇ ಗೊತ್ತಾಗುವುದು, ಎಷ್ಟು ಬಿಂದಿಗೆ ಬಿದ್ದಿದ್ದವೆಂದು.’

ಇದನ್ನು ನಾನು ಬಟ್ಟೆ ಅಂಗಡಿಯ ಓಪನಿಂಗಿನಲ್ಲಿ ಹೇಳಿದ್ದೆ. ಜೋರು ಚಪ್ಪಾಳೆ. ವ್ಯಾಪಾರಕ್ಕೂ ಇದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಇವತ್ತು ಅದರ ಕೆಳಗಿನ ಸಣ್ಣ ಅಕ್ಷರ ಓದಿದೆ. ಸಭೆಯ ಒಬ್ಬ ನೇಕಾರ ಪಾಸ್ಟರನ್ನು ಎಲ್ಲರೆದುರು ಹಂಗಿಸಿದ್ದನಂತೆ. ಕಾಯಿಲೆ ಬಿದ್ದು ಹೇಳಿಕಳಿಸಿದ. ಪಾಸ್ಟರು ಒಂದು ದಿನ ಬಿಟ್ಟು ಹೋದರು. ‘ಕೆಲಸವಿತ್ತು ಎಂದು ಕಮಲಳಿಗೆ ಹೇಳಿದೆ. ಕೆಲಸವಿರಲಿಲ್ಲ. ಅವನು ಕಾಯಲಿ ಎಂದು ಹೋಗಲಿಲ್ಲ. ಹೋದಾಗ ಅವನು ತೀರಿಹೋಗಿದ್ದ, ಮಗ್ಗಕ್ಕೆ ಬಟ್ಟೆ ಮುಚ್ಚಿದ್ದರು.’

ಅಷ್ಟೇ. ಅದು ನಡೆದ ದಿನ ಬರೆದದ್ದು ಆ ಬಾವಿಯ ಮಾತು.

ನಾನು ಬಳೆ, ಸರ ಎಂದು ಹಾಕಿಕೊಂಡು ಮೆರೆದದ್ದೆಲ್ಲ ಆತನ ಗಾಯದ ಕಟ್ಟುಗಳು. ಈ ಸಾಲು ನನ್ನದೇ. ಚೆನ್ನಾಗಿದೆ. ಅದಕ್ಕೇ ನನ್ನ ಮೇಲೆ ನನಗೆ ಹೇಸಿಗೆ — ಈಗಲೂ ಚೆನ್ನಾಗಿದೆಯಾ ಅಂತ ನೋಡುತ್ತೇನಲ್ಲ!

ಬೆಳಗ್ಗೆ ಶುಭನುಡಿ ಕಳಿಸಲಿಲ್ಲ. ಹದಿನೇಳು ಜನ ಕೇಳಿದರು. ಮಧ್ಯಾಹ್ನ ಕಳಿಸಿದೆ.

ಜುಲೈ ೧೯, ಶುಕ್ರವಾರ. ಸಂಜೆ

ಚಿತ್ತಪ್ಪ ಮೇಷ್ಟ್ರು ಬಂದಿದ್ದರು. ರಿಟೈರ್ಡ್ ಹೆಡ್‌ಮಾಸ್ಟರ್, ಪಾಸ್ಟರರ ಸಭೆಯ ಹಿರಿಯರಲ್ಲಿ ಒಬ್ಬರು. ಅವರಲ್ಲಿ ಪಾಸ್ಟರ್ ಒಬ್ಬರದೇ ನಡೆಯುವುದಿಲ್ಲ. ಸಭೆ ಆರಿಸಿದ ಹಿರಿಯರು ಕೂತು ತೀರ್ಮಾನ ಮಾಡಬೇಕು, ನಡಾವಳಿ ಪುಸ್ತಕದಲ್ಲಿ ಬರೆಯಬೇಕು, ಭಾನುವಾರ ಎಲ್ಲರಿಗೂ ಓದಿ ಹೇಳಬೇಕು. ಪುಸ್ತಕದ ಪ್ರೂಫು ಅದಕ್ಕೇ ಅವರ ಕೈಗೆ ಹೋಗಿತ್ತು.

ಕುರ್ಚಿ ತುದಿಯಲ್ಲಿ ಕೂತರು. ಟೀ ಬೇಡ ಅಂದರು.

“ಸಂಗಮೇಶಪ್ಪ, ಹೇಳಕ್ಕೆ ನಾಚಿಕೆ ಆಗ್ತೈತೆ. ನಿಮ್ ಮಾತು ದಿನಾ ನನ್ ಫೋನಿಗೆ ಬರ್ತಾವೆ, ನಮ್ ಪೆನ್ಷನ್‌ದಾರರ ಗ್ರೂಪಿನಾಗೆ. ಕೆಲವು ನಾನು ಡೈರೀಲಿ ಬರ್ಕೊಂಡೀನಿ.”

ಪ್ರೂಫು ಬಿಚ್ಚಿದರು. ಕೆಂಪು ಪೆನ್ನಿನ ಗುರುತು. ನಲವತ್ತೊಂದು ಪುಟ.

“ಇವೆಲ್ಲ ನಿಮ್ಮವು. ಅಕ್ಷರಕ್ಕಕ್ಷರ. ಪಾಸ್ಟ್ರು ‘ಭಗವಂತ’ ತೆಗೆದು ‘ಕರ್ತನು’ ಅಂತ ಹಾಕ್ಕೊಂಡವ್ರೆ. ನಾವು ನಂಬಿದ ಮನುಷ್ಯ... ವಯಸ್ಸಾಗಿತ್ತು ಅನ್ನಿ. ನೀವೂ ಟೈಪ್ ಮಾಡಿಸಿ ಸುಮ್ನಿದ್ರಿ, ಅದು ನಿಮ್ ದೊಡ್ಡತನ. ಸಭೆ ಪರವಾಗಿ ಕ್ಷಮೆ ಕೇಳಾಕ್ ಬಂದೆ.”

ಎಪ್ಪತ್ತು ದಾಟಿದವರು. ಎದ್ದು ನಿಂತು ಕೈಮುಗಿದರು.

ಆಗ ಹೇಳಬೇಕಿತ್ತು. ಇಪ್ಪತ್ತೇಳು ಭಾಷಣ ಮಾಡಿದ ಬಾಯಿ. ಆ ಬಾಯಿ ಹೇಳಿದ್ದೇನು?

“ಬಿಡಿ ಮೇಷ್ಟ್ರೇ. ಒಳ್ಳೇ ಮಾತು ಯಾರ ಬಾಯಾಗಿದ್ರೇನು?”

ಅಂದರೆ ನಾನು ಕ್ಷಮಿಸಿದೆ. ಪಾಸ್ಟರ್ ಓಬದ್ಯರನ್ನು ನಾನು ಕ್ಷಮಿಸಿದೆ!

ಮೇಷ್ಟ್ರ ಕಣ್ಣಲ್ಲಿ ನೀರು. ಹೋಗುವಾಗ ಹೇಳಿದರು — ಆ ನಲವತ್ತೊಂದು ಪುಟ ತೆಗೆಯುತ್ತಾರಂತೆ. ಉಳಿದದ್ದೂ ಇನ್ಯಾರದ್ದೋ ಏನೋ ಎಂದು ಪುಸ್ತಕವನ್ನೇ ನಿಲ್ಲಿಸುವ ಮಾತೂ ಇದೆ. ಆಗಸ್ಟ್ ನಾಲ್ಕರ ಆರಾಧನೆಯಲ್ಲಿ ವಿಷಾದದ ನಡಾವಳಿ ಓದುತ್ತಾರೆ. ನಾನು ಬರಬೇಕಂತೆ. ಶಾಲು ಹೊದಿಸುತ್ತಾರಂತೆ.

ಜುಲೈ ೨೦

ಮಂಗಳಗೌರಿ: “ಏನ್ರೀ, ಬೆಳಗ್ಗಿಂದ ಬಾಯಿ ಮುಚ್ಚೀರಿ? ಹಲ್ಲು ನೋವಾ?”

ಹೌದು ಅಂದೆ. ಲವಂಗ ಕೊಟ್ಟಳು. ಇಟ್ಟುಕೊಂಡೆ.

ಜುಲೈ ೨೪, ಬುಧವಾರ

ಕಮಲಾಕ್ಷಮ್ಮನ ಫೋನು. ಹಿರಿಯರು ಅವರ ಮನೆಗೆ ಹೋಗಿ ವಿಷಯ ಹೇಳಿದ್ದಾರೆ.

“ಸಂಗಮೇಶಣ್ಣ, ನೀವ್ ಒಂದ್ ಮಾತು ಹೇಳ್ರಿ ಸಾಕು. ನಮ್ಮನೆಯವ್ರು ನಿಮ್ಮದನ್ನ ಕದ್ದಿದ್ರಾ?”

ಲೈನ್ ಸರಿಯಿಲ್ಲ ಅಮ್ಮ ಅಂದೆ. ಲೈನ್ ಸರಿಯಾಗಿಯೇ ಇತ್ತು. ಅವರ ಮನೆಯ ಫ್ಯಾನಿನ ಕಿರುಗುಟ್ಟುವಿಕೆ ಕೂಡ ಕೇಳುತ್ತಿತ್ತು. ಕಟ್ ಮಾಡಿದೆ.

ಜ್ಯೋತಿಲಕ್ಷ್ಮಿ ಪಕ್ಕದ ಸಿಸ್ಟಮ್ಮಿನಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನನ್ನ ಹತ್ತಿರ ಕೆಲಸಕ್ಕೆ ಸೇರಿ ಹನ್ನೆರಡು ವರ್ಷ. ಕರ್ತನನ್ನು ಭಗವಂತ ಮಾಡಿದ್ದು ಅವಳ ಬೆರಳುಗಳೇ, ನಾನು ಹೇಳಿದಂತೆ. ಒಂದು ದಿನವೂ ತುಟಿ ಬಿಚ್ಚಿದವಳಲ್ಲ. ಇವತ್ತು ಪರದೆಯಿಂದ ಕಣ್ಣೆತ್ತದೆ ಕೇಳಿದಳು.

“ಸರ್, ಪಾಸ್ಟ್ರ ಫೈಲುಗಳ ಮೇಲೆ ತಾರೀಖು ಐತೆ. ಎರಡು ಸಾವಿರದ ಹದಿನೈದರಿಂದ. ನಿಮ್ಮ ಗ್ರೂಪು ಶುರುವಾಗಿದ್ದು ಇಪ್ಪತ್ತರಾಗೆ. ಯಾರಾದ್ರೂ ಬಂದು ನೋಡಿದ್ರೆ ಗೊತ್ತಾಗ್ತೈತೆ. ಅಳಿಸ್ಲಾ, ಇಡ್ಲಾ?”

ಬಿಲ್ ಪುಸ್ತಕ ಎಳೆದುಕೊಂಡು ಲೆಕ್ಕ ಕೂಡಿಸತೊಡಗಿದೆ. ಅವಳು ಕಾದಳು. ಆಮೇಲೆ ಮದುವೆ ಕಾರ್ಡಿನ ಕೆಲಸ ಎತ್ತಿಕೊಂಡಳು. ಸಂಜೆ ಹೋಗುವಾಗ ಚಪ್ಪಲಿ ಮೆಟ್ಟುತ್ತಾ ಅಂದಳು — “ಇಟ್ಟೀನಿ ಸರ್. ಅಳಿಸೋದಿದ್ರೆ ನೀವೇ ಅಳಿಸ್ರಿ. ನನ್ ಕೈಲಿ ಆಗಲ್ಲ.”

ಆಗಸ್ಟ್ ೪, ಭಾನುವಾರ. ಮಧ್ಯಾಹ್ನ ೩, ಮೊಳಕಾಲ್ಮುರು ಬಸ್ ಸ್ಟ್ಯಾಂಡು

ಕಲ್ಲು ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಗೆ ಹೋದರೆ ಬರೆಯುವುದಿಲ್ಲ, ಇದನ್ನೂ ತಿದ್ದಿಬಿಡುತ್ತೇನೆ.

ಹೋದೆ. ಜ್ಯೋತಿಲಕ್ಷ್ಮಿ ತೆಗೆದುಕೊಟ್ಟ ಫೈಲುಗಳ ಪಟ್ಟಿ, ತಾರೀಖು ಸಮೇತ, ಜೇಬಿನಲ್ಲಿತ್ತು. ಚಿಕ್ಕ ಚರ್ಚು, ಚಾಪೆ, ಹೆಂಗಸರೇ ಹೆಚ್ಚು. ತಲೆ ಎಣಿಸಿದೆ — ಎಪ್ಪತ್ತೆರಡು. ಹಾಡಿದರು, ಪ್ರಾರ್ಥನೆ ಆಯಿತು. ಮೇಷ್ಟ್ರು ನಡಾವಳಿ ಪುಸ್ತಕ ತೆರೆದು “ದಿವಂಗತ ಪಾಸ್ಟರರ ಬರಹಗಳಲ್ಲಿ...” ಎನ್ನುವಷ್ಟರಲ್ಲಿ ಎದ್ದೆ. ಮೊದಲು ನಾನು ಎರಡು ಮಾತು ಆಡ್ತೀನಿ ಅಂದೆ.

ಮೈಕು ಕೊಟ್ಟರು. ಅಲ್ಲೇ ಕೆಟ್ಟದ್ದು. ಮೈಕು ಕೈಗೆ ಬಂದ ಕೂಡಲೇ ದನಿ ತಾನಾಗಿಯೇ ಇಳಿಯಿತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. “ಬಂಧುಗಳೇ, ಹೊಸ ಕಂಬಳಿ ಬಿರುಸಾಗಿ ನಿಲ್ಲೋದು ಹುಣಸೆಬೀಜದ ಗಂಜಿಯಿಂದ. ನೆನೆದ ಮೇಲೆ ಉಳಿದದ್ದೆಷ್ಟೋ ಅಷ್ಟೇ ಉಣ್ಣೆ. ನಾನು ಬರೀ ಗಂಜಿ...” ಮುಂದಿನ ಸಾಲಿನವರು ತಲೆದೂಗಿದರು. ಆಗ ಹೊಳೆಯಿತು. ಅದೂ ಅವರದೇ. ಜನವರಿ ಇಪ್ಪತ್ತೆರಡು.

ಕಳ್ಳತನ ಒಪ್ಪಿಕೊಳ್ಳಲೂ ಕದ್ದ ಮಾತೇ ಬೇಕಾಯಿತು ನನಗೆ.

ಮೈಕು ಕೆಳಗಿಟ್ಟೆ. ಮೈಕಿಲ್ಲದೆ ಹೇಳಿದೆ. “ಈ ಮಾತು ಪಾಸ್ಟ್ರದ್ದು. ಆ ನಲವತ್ತೊಂದೂ ಅವರವೇ. ನಾಲ್ಕು ವರ್ಷದಿಂದ ನನ್ನವು ಅಂತ ಹೇಳ್ಕೊಂಡು ತಿರುಗಿದೀನಿ. ಕದ್ದಿದ್ದು ನಾನು.” ಪಟ್ಟಿ ಮೇಷ್ಟ್ರ ಕೈಗೆ ಕೊಟ್ಟೆ. ಸಣ್ಣ ಮಾತುಗಳು. ಯಾರೂ ತಲೆದೂಗಲಿಲ್ಲ.

ಮೇಷ್ಟ್ರು ಪಟ್ಟಿಯನ್ನು ಮೂರು ಸಲ ಓದಿದರು. ಕನ್ನಡಕ ತೆಗೆದು ಹಾಕಿಕೊಂಡರು. ನಡಾವಳಿಯಲ್ಲಿ ಬರೆದದ್ದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ಹಿರಿಯರಿಂದಲೂ ಸಹಿ ಹಾಕಿಸಿದರು. ನನ್ನ ಕಡೆ ತಿರುಗಿ ಅಂದರು — “ನಾನು ನಿಮಗೆ ಕೈಮುಗಿದೆನಲ್ರೀ.” ಬೈದಿದ್ದರೆ ಬರೆದುಕೊಳ್ಳಬಹುದಿತ್ತು.

ಪುಸ್ತಕ ಆಗುತ್ತದೆ. ಪೂರ್ತಿ ಮುನ್ನೂರ ಅರವತ್ತೈದು. ಅಚ್ಚು ಬೇರೆ ಕಡೆ. ಸರಿಯೇ. ಶಾಲು ಕವರಿನೊಳಗೇ ಉಳಿಯಿತು.

ಎಲ್ಲ ಮುಗಿಯಿತು ಅಂದುಕೊಂಡು ಇಲ್ಲಿಗೆ ಬಂದು ಮೇಲಿನಷ್ಟು ಬರೆದಿದ್ದೆ. ಸುಳ್ಳೇಕೆ, ಸ್ವಲ್ಪ ಹಗುರವೂ ಆಗಿತ್ತು. ಒಳ್ಳೆಯವನಾದೆ ಎಂಬ ಲೆಕ್ಕ ಆಗಲೇ ಒಳಗೆ ಶುರುವಾಗಿತ್ತು.

ಅಷ್ಟರಲ್ಲಿ ಕಮಲಾಕ್ಷಮ್ಮ ಹುಡುಕಿಕೊಂಡು ಬಂದರು. ಬಿಸಿಲಲ್ಲಿ ನಡೆದು ಉಸಿರು ಬಿಡುತ್ತಿದ್ದರು. ನಾನು ಎದ್ದೆ. ಕೂತ್ಕಳ್ರಿ ಎಂದು ಅವರೂ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

“ಒಂದು ಕೇಳ್ತೀನಿ. ಹೋದ್ ಆಗಸ್ಟಿನಾಗೆ ಕೊನೇ ಶನಿವಾರ ಚಳ್ಳಕೆರೆಯಿಂದ ಬಂದ್ರು. ಹಾಳೆ ಚೀಲ ಹಂಗೇ ಮೂಲೆಗೆ ಇಟ್ರು. ‘ಪುಸ್ತಕ ಬ್ಯಾಡ ಬಿಡು ಕಮಲಾ’ ಅಂದ್ರು. ಯಾಕೆ ಅಂದ್ರೆ ಹೇಳ್ಲಿಲ್ಲ. ಆಮ್ಯಾಲೆ ಒಂದ್ ಅಕ್ಷರ ಬರೀಲಿಲ್ಲ. ಇಪ್ಪತ್ತು ದಿನಕ್ಕೆ ಹೋಗೇಬಿಟ್ರು. ಅವತ್ತು ನಿಮ್ಮಲ್ಲಿಗೇ ಬಂದಿದ್ದು. ಏನಾತು ಅಲ್ಲಿ?”

ಆಗಿದ್ದು ಇಷ್ಟು. ಪಾಸ್ಟರು ಕೊನೆಯ ಹಾಳೆಗಳನ್ನು ಮೇಜಿನ ಮೇಲಿಟ್ಟರು. ಎಲ್ಲ ತುಂಬಿತು, ಇನ್ನು ಪುಸ್ತಕ ಮಾಡೋಣ ಅಂದರು. ಪುಸ್ತಕ ಬಂದರೆ ನನ್ನ ಬಣ್ಣ ಬಯಲು. ನಾನು ಹಾಳೆ ಎಣಿಸುವವನಂತೆ ಮಾಡಿದೆ. ಆಗ ಅವರು ಮಕ್ಕಳ ಹಾಗೆ ಕೇಳಿದರು, “ಖರೇ ಹೇಳಪ್ಪಾ, ಇದನ್ನ ಯಾರಾದ್ರೂ ಓದ್ತಾರಾ?” ಮೇಜಿನ ಮೇಲೆ ನನ್ನ ಫೋನು ಅದುರುತ್ತಲೇ ಇತ್ತು, ಅವತ್ತು ಬೆಳಗ್ಗೆ ಕಳಿಸಿದ ಅವರದೇ ಸಾಲಿಗೆ ಕೈಮುಗಿತ ಬರುತ್ತಿದ್ದವು. ಮಗುಚಿಟ್ಟೆ. “ಇಂಥಾವು ಈಗ ಯಾರು ಓದ್ತಾರೆ ಪಾಸ್ಟ್ರೇ? ಸುಮ್ನೆ ಕಾಗದ ದಂಡ” ಅಂದೆ. ಅವರು ಹಾಳೆಗಳನ್ನು ಒಂದೊಂದಾಗಿ ಜೋಡಿಸಿ ಚೀಲಕ್ಕೆ ಹಾಕಿಕೊಂಡು, ಹೌದಪ್ಪಾ ಎಂದು ಹೋದರು.

ಇದನ್ನು ಸಭೆಯಲ್ಲಿ ಹೇಳಿರಲಿಲ್ಲ. ಇಲ್ಲಿಯೂ ಇಷ್ಟು ದಿನ ಬರೆದಿರಲಿಲ್ಲ.

ಚಳ್ಳಕೆರೆ ಬಸ್ ಬಂತು. ಕಂಡಕ್ಟರ್ ಕೂಗಿದ. ಹತ್ತಬಹುದಿತ್ತು. ನೆನಪಿಲ್ಲ ಅಮ್ಮ ಎಂದು ಹತ್ತಬಹುದಿತ್ತು. ಬಸ್ ಹೋಯಿತು. ನೆನಪಿಸ್ಕೊಂತೀನಿ, ಐದು ನಿಮಿಷ ಕೊಡ್ರಿ ಎಂದು ಮತ್ತೆ ಈ ಡೈರಿ ತೆರೆದೆ. ಮೊದಲು ಬರೆದುಕೊಂಡರೆ ಬಾಯಿ ಬಣ್ಣ ಕಟ್ಟುವುದಿಲ್ಲ ಎಂದು. ಅವರು ಕಾಯುತ್ತಿದ್ದಾರೆ. ಸೆರಗಿನಿಂದ ಮುಖ ಒರೆಸಿಕೊಂಡರು. ಈಗ ನನ್ನ ಕಡೆಯೇ ನೋಡುತ್ತಿದ್ದಾರೆ. ಅಮ್ಮ, ಅವತ್ತು ಪಾಸ್ಟ್ರು ನನ್ನ ಒಂದು ಮಾತು ಕೇಳಿದ್ರು, ಅದಕ್ಕೆ ನಾನು